ಆರನೇ ಮಾರ್ಕ್ವಿಸ್

ಅಣ್ಣನ ವಿಧವೆ ರೆಮೆಡಿಯೋಸಳ ಮಡಿಲಲ್ಲಿದ್ದ ಕೂಸಿನ ಪಾದವನ್ನು ಫರ್ಮೀನ್ ಶಾಲಿನೊಳಗೆ ಕೈಯಿಟ್ಟು ಮುಟ್ಟಿದ. ತಣ್ಣಗೆ ಕೊರೆಯುತ್ತಿತ್ತು. ಅವಳು ತೂಗುವುದನ್ನು ನಿಲ್ಲಿಸಲಿಲ್ಲ. ಅವನ ಮುಖ ನೋಡಿದಳು.

ಹುಟ್ಟಿ ಇಪ್ಪತ್ನಾಲ್ಕು ಗಂಟೆ ಬದುಕಿದರಷ್ಟೇ ಕೂಸು ಮನುಷ್ಯ ಎನ್ನುತ್ತಿತ್ತು ಆಗ ನಮ್ಮ ಸ್ಪೇನಿನ ಹಾಳು ಕಾನೂನು. ಅದಕ್ಕೆ ಮುಂಚೆ ಸತ್ತರೆ ಹೆಸರೂ ಇಲ್ಲ, ಅಪ್ಪನ ಮಾರ್ಕ್ವಿಸ್ ಪಟ್ಟವೂ ಇಲ್ಲ. ಪಟ್ಟ, ಆಸ್ತಿ ಎಲ್ಲ ಫರ್ಮೀನನದೇ; ಆ ಗಡುವು ದಾಟಿದ ಮೇಲೆ ಸತ್ತರೆ ಆಸ್ತಿ ತಾಯಿಗೆ. ಕೂಸು ಹುಟ್ಟಿದ್ದು ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ; ಈಗ ಹನ್ನೆರಡಾಗಲು ಇನ್ನೂ ಕಾಲು ಗಂಟೆಯಿತ್ತು.

"ಮಗೂದು ಸದ್ದೇ ಇಲ್ವಲ್ಲ?" ಗಡುವು ಮುಗಿದೊಡನೆ ಕೂಸನ್ನು ದಾಖಲಿಸಲೆಂದು ಬಾಣಂತಿ ಕೋಣೆಯ ಬಾಗಿಲಾಚೆ ಕೂತಿದ್ದ ನೋಟರಿ ಕೇಳಿದ.

"ಈಗ ತಾನೇ ಮಲಗಿದೆ. ಎಬ್ಬಿಸಿದ್ರೆ ನೀವೇ ತೂಗ್ಬೇಕು, ನೋಡಿ," ಎಂದ ಫರ್ಮೀನ್.

ಇಗರ್ಜಿಯ ಗಂಟೆ ಹನ್ನೆರಡು ಬಾರಿಸಿತು. ನೋಟರಿ ಕೂಸಿನ ಹೆಸರನ್ನು 'ಲೆಯಾಂದ್ರೊ, ಆರನೇ ಮಾರ್ಕ್ವಿಸ್' ಎಂದು ಬರೆದುಕೊಂಡು ಹೊರಟ. ಫರ್ಮೀನ್ ಬಾಗಿಲು ಮುಚ್ಚಿ ಬಂದು ಅವಳ ಮುಂದೆ ಮಂಡಿಯೂರಿದ.

"ಅತ್ತಿಗೆ, ಇನ್ನು ಅತ್ತುಬಿಡಿ."