ನೋಟದ ಬಿಲ್

ಆ ಪೇಟೆಯಲ್ಲಿ ಅಂಗಡಿಯ ಬೋರ್ಡನ್ನು ಜನ ನೋಡಿದಷ್ಟು ಸಲವೂ ಅಂಗಡಿಯವರು ಜಾಹೀರಾತು ಕಂಪನಿಗೆ ದುಡ್ಡು ಕಟ್ಟಬೇಕಿತ್ತು. ನೋಟಗಳನ್ನು ಎಣಿಸಲು ಕಂಪನಿ ಪ್ರತಿ ಬೋರ್ಡಿಗೂ ಒಂದು ಮೀಟರು ಕೂರಿಸಿತ್ತು. ಹುಸೇನಬಿಯನ್ನು ಮುಳುಗಿಸಲೆಂದೇ ಎದುರಂಗಡಿಯವನು ಕೂಲಿ ಕೊಟ್ಟು ಆಳುಗಳನ್ನು ನಿಲ್ಲಿಸಿದ್ದ. ಅವರು ದಿನವಿಡೀ ಅವಳ ಗಾದಿ ಅಂಗಡಿಯ ಬೋರ್ಡನ್ನೇ ದಿಟ್ಟಿಸುತ್ತಿದ್ದರು. ದೂರು ಕೊಡಲು ಹೋದರೆ ಕಂಪನಿಯ ಗುಮಾಸ್ತ, "ಕಣ್ಣು ಖರೇವ ಅದಾವಲ್ರೀ, ಬಿಲ್ ಕಟ್ರಿ" ಎಂದು ಸಾಗಹಾಕಿದ.

ಕೊನೆಗೆ ಬೋರ್ಡಿಗೆ ಚಾದರ ಹೊದಿಸಲು ಏಣಿ ಹತ್ತಿದ ಗಂಡ ಮೌಲಾಸಾಬ ಜಾರಿ ಬಿದ್ದ. ತಲೆ ಒಡೆಯಿತು. ಪೇಟೆಯೆಲ್ಲ ಓಡಿ ಬಂತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಸೇನಬಿ ಕಣ್ಣೆತ್ತಿದರೆ ಬೋರ್ಡಿನ ಮೀಟರು ಒಂದೇ ಸಮನೆ ಓಡುತ್ತಿತ್ತು.

"ನೋಡಬ್ಯಾಡ್ರೋ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಚೀರಿದಳು.

ಪಾಪ, ಒಳ್ಳೆಯ ಜನ. ಎಲ್ಲರೂ ತಲೆ ತಗ್ಗಿಸಿ, ಮುಖ ತಿರುಗಿಸಿ ಹೊರಟರು.

"ಯಾರರೆ ಎತ್ತಾಕ ಬರ್ರೀ!" ಎಂದು ಅವಳು ಎಷ್ಟು ಕೂಗಿದರೂ, ಬಿಲ್ ಏರೀತೆಂಬ ಮರುಕದಿಂದ ಒಬ್ಬರೂ ತಿರುಗಿ ನೋಡಲಿಲ್ಲ.