ಎಡಗೆನ್ನೆಯ ಪ್ರಯೋಗ

"ಬೆಳಕಿಗೆ ತಿರುಗು ಮಾರಾಯ್ತಿ," ಎಂದು ಚನ್ನಕೇಶವಗೌಡರು ಹೆಂಡತಿಯ ಗದ್ದ ಹಿಡಿದು, ಕಾಫಿ ಹಣ್ಣಿನಲ್ಲಿ ಹುಳದ ತೂತು ಹುಡುಕುವ ಭೂತಗನ್ನಡಿಯನ್ನು ಅವರ ಎಡಗೆನ್ನೆಯ ಹತ್ತಿರ ತಂದರು. ಇದು ಪ್ರಯೋಗದ ಮೂವತ್ತನೆಯ ಬೆಳಿಗ್ಗೆ. ಮಗಳು ಮೂಡಿಗೆರೆಯಿಂದ ತಂದುಕೊಟ್ಟ ವಿಟಮಿನ್ ಸಿ ಕ್ರೀಮು ಸುಕ್ಕು ಕಳೆಯುತ್ತದೆ ಎಂದರೆ ಸುಮ್ಮನೆ ನಂಬುವವರಲ್ಲ ಗೌಡರು. ತೋಟಕ್ಕೆ ಹೊಸ ಔಷಧಿ ಬಂದರೂ ಒಂದು ಸಾಲಿಗೆ ಹೊಡೆದು, ಪಕ್ಕದ ಸಾಲನ್ನು ಹಾಗೇ ಬಿಟ್ಟು ನೋಡುವ ಮನುಷ್ಯ. ಅದಕ್ಕೇ ಕ್ರೀಮು ಎಡಗೆನ್ನೆಗೆ ಮಾತ್ರ, ದಿನಾ ಬೆಳಿಗ್ಗೆ ತಪಾಸಣೆ ತಮ್ಮದು ಎಂದಿದ್ದರು. ಅದಕ್ಕೂ ಮೊದಲು ಬೆಳಗಿನ ಹೊತ್ತು ಅವರು ಪೇಪರಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

"ಎಡಗಡೆ ಸುಕ್ಕು ಕಮ್ಮಿಯಾಗಿದೆ ಕಣೇ! ಇನ್ಮೇಲೆ ಬಲಗಡೆಗೂ ಹಚ್ಚು. ಎಷ್ಟು ಉಳಿದಿದೆ ನೋಡ್ತೀನಿ."

"ಬೇಡ ರೀ, ಕೊಡಿ ಇಲ್ಲಿ," ಎಂದು ಸುಲೋಚನಮ್ಮ ಕೈ ಚಾಚುವಷ್ಟರಲ್ಲಿ ಗೌಡರು ಡಬ್ಬಿಯ ಮುಚ್ಚಳ ತಿರುಗಿಸಿಯಾಗಿತ್ತು. ಒಳಗಿನ ಬೆಳ್ಳಿ ಕಾಗದ ಅಂಗಡಿಯಿಂದ ಬಂದ ಹಾಗೇ ಅಂಟಿಕೊಂಡಿತ್ತು. ಅದರ ಮೇಲೆ ಒಂದು ಉಗುರಿನ ಗುರುತೂ ಇರಲಿಲ್ಲ.

ಸುಲೋಚನಮ್ಮ ತಲೆ ತಗ್ಗಿಸಿದರು. ಎರಡೂ ಕೆನ್ನೆ ಒಂದೇ ಸಮ ಕೆಂಪಾಗಿದ್ದವು.

ಗೌಡರು ಮುಚ್ಚಳವನ್ನು ಮೆಲ್ಲಗೆ ಮತ್ತೆ ಬಿಗಿ ಮಾಡಿದರು. ಭೂತಗನ್ನಡಿಯನ್ನು ಪಂಚೆಯ ಅಂಚಿಗೆ ಒರೆಸುತ್ತಾ, "ಒಂದು ತಿಂಗಳಿಗೆಲ್ಲ ಸರಿಯಾಗಿ ಗೊತ್ತಾಗಲ್ಲ," ಎಂದರು. "ನಾಳೆನೂ ಬಾ."