ಮೆಟ್ಟಿಲಲ್ಲಿ ಜಾರಿದ ಕಾಲು

ಆಟಗಾರರ ಮೊಣಕಾಲು ನೋಡುವ ಡಾಕ್ಟರು ಊರಲ್ಲಿ ಮೂವರೇ. ಇಬ್ಬರು ಆಗಲೇ ಶಶಿರೇಖಾಳ ಫ್ಯಾಕ್ಟರಿಯ ಉಚಿತ ಚಿಕಿತ್ಸೆ ಕಾರ್ಡನ್ನು ಹಿಂದಕ್ಕೆ ತಳ್ಳಿದ್ದರು: "ಆಟದಲ್ಲಿ ಬಿದ್ದ ಪೆಟ್ಟಿಗೆ ಇದು ನಡೆಯಲ್ಲಮ್ಮ." ಕಾಲು ನೆಟ್ಟಗಾಗದಿದ್ದರೆ ಅವಳು ತಂಡದಿಂದ ಹೊರಗೆ.

ಮೂರನೆಯವರ ಬಾಗಿಲಲ್ಲಿ ಅಕ್ಕ ತೋಳು ಚಿವುಟಿದಳು. "ಇಲ್ಲಾದ್ರೂ ಆಟದ ಸುದ್ದಿ ಎತ್ಬೇಡ ಕಣೇ. ಫ್ಯಾಕ್ಟರಿ ಮೆಟ್ಟಿಲಲ್ಲಿ ಜಾರಿದೆ ಅನ್ನು. ನಿಂಗೆ ಸುಳ್ಳು ಹೇಳೋಕೂ ಬರಲ್ಲ, ಕರ್ಮ."

ಆದರೆ ಶಶಿರೇಖಾ ತಡವರಿಸದೆ ಹಾಗೇ ಹೇಳಿದಳು. ಡಾಕ್ಟರು ತಲೆಯಾಡಿಸಿ ಕಾರ್ಡು ತೆಗೆದಿಟ್ಟುಕೊಂಡರು. ಅಕ್ಕನ ಮುಖ ಅರಳಿತು. ಡಾಕ್ಟರು ಊದಿದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದರು.

"ಮಡಿಸ್ತೀನಿ, ನೋವಾಗುತ್ತೆ. ಉಸಿರು ಬಿಗಿಹಿಡ್ಕೊ, ಬಿಡ್ಬಾರ್ದು."

ಶಶಿರೇಖಾ ಕಣ್ಣು ಮುಚ್ಚಿ, ಎದೆತುಂಬ ಉಸಿರೆಳೆದುಕೊಂಡು ಶುರುಮಾಡಿದಳು: "ಕಬಡ್ಡಿ, ಕಬಡ್ಡಿ, ಕಬಡ್ಡಿ..."